ನೂರಾ ಹದಿನೇಳನೇ ಪರಿಮಳ

ನನ್ನ ಮೂಗಿನ ಬಗ್ಗೆ ನನಗೆ ಬಹಳ ಜಂಬವಿತ್ತು. ಮೈಸೂರಿನಲ್ಲಿ ಅಗರಬತ್ತಿಗೆ ಪರಿಮಳ ಬೆರೆಸುವ ಮನೆತನದಲ್ಲಿ ಹುಟ್ಟಿದವನು ನಾನು. ತಂದೆಯವರು ನನ್ನ ಕಣ್ಣಿಗೆ ಟವೆಲ್ ಕಟ್ಟಿ, ಮೂಗಿನ ಕೆಳಗೆ ಒಂದೊಂದಾಗಿ ಕಾಗದದ ಪಟ್ಟಿ ಹಿಡಿಯುತ್ತಿದ್ದರು. ಏಳು ವರ್ಷ ತುಂಬುವಷ್ಟರಲ್ಲಿ ಅರವತ್ತು ವಾಸನೆಗಳನ್ನು ಹೆಸರು ಹಿಡಿದು ಹೇಳುತ್ತಿದ್ದೆ. ಮುಂದೆ ರಸಾಯನಶಾಸ್ತ್ರ ಓದಿ, ತಿಂಡಿ ಪಾನೀಯಗಳಿಗೆ ಪರಿಮಳ ತಯಾರಿಸುವ ಕಂಪನಿಯೊಂದರಲ್ಲಿ ಹದಿನಾರು ವರ್ಷ ದುಡಿದೆ. ಮೂಗಿಗೆ ಕವಡೆ ಕಟ್ಟಿಕೊಂಡು ದುಡಿದೆ ಎನ್ನೋಣವೆಂದರೆ ನಮ್ಮ ಕಸುಬಿನಲ್ಲಿ ಮೂಗಿಗೆ ಏನನ್ನೂ ಕಟ್ಟುವ ಹಾಗಿಲ್ಲ.

ಇಂಥ ಮೂಗು ನನ್ನ ಸ್ವಂತ ಮಗಳ ವಿಷಯದಲ್ಲಿ ಏನೂ ತಿಳಿಯದೆ ಕೂತಿತ್ತು. ಅದನ್ನು ಹೇಳಿಬಿಡುತ್ತೇನೆ. ಹೇಳಿದರೆ ಮನಸ್ಸು ಹಗುರಾಗುತ್ತದೆ ಎಂಬ ಆಸೆಯೇನೂ ಇಲ್ಲ. ಹೇಳದೆ ಮುಚ್ಚಿಟ್ಟರೆ ಏನಾಗುತ್ತದೆ ಎಂಬುದನ್ನು ಮಾತ್ರ ಕಣ್ಣಾರೆ ಕಂಡಿದ್ದೇನೆ.

ಹೆಂಡತಿ ಶಶಿಕಲಾ ಡೆಂಗಿ ಜ್ವರದಲ್ಲಿ ಐದೇ ದಿನಕ್ಕೆ ತೀರಿಕೊಂಡಳು. ಆಮೇಲೆ ಆ ಕಂಪನಿ ಬಿಟ್ಟು ಒಂದು ಘ್ರಾಣ ಸಂಶೋಧನಾಲಯಕ್ಕೆ ಸೇರಿದೆ. ಅದನ್ನು ನಡೆಸುವವರು ಡಾಕ್ಟರ್ ಫರ್ಹಾನಾ ಎಂಬ ನರವಿಜ್ಞಾನಿ. ಮನುಷ್ಯನ ಮಿದುಳಿನಿಂದ ಒಂದೇ ಒಂದು ವಾಸನೆಯನ್ನು ಬೇರುಸಹಿತ ಕಿತ್ತು ತೆಗೆಯಲು ಸಾಧ್ಯವೇ ಎಂದು ಇಪ್ಪತ್ತು ವರ್ಷ ತಲೆ ಕೆಡಿಸಿಕೊಂಡು, ಕೊನೆಗೆ ಸಾಧ್ಯ ಎಂದು ತೋರಿಸಿದವರು. ಅವರ ಔಷಧಿಗೆ ಲ್ಯಾಬಿನಲ್ಲಿ ಮಾರುದ್ದದ ಹೆಸರಿದೆ. ಪತ್ರಿಕೆಯವರು ಅದನ್ನು 'ಮರೆಹನಿ' ಎಂದು ಕರೆದರು, ಅದೇ ನಿಂತಿತು. ಮಕ್ಕಳ ನಿಕೋಟಿನ್ ಚಟ ಬಿಡಿಸುವುದಕ್ಕೆ ಅದನ್ನು ಬಳಸುತ್ತಿದ್ದೆವು.

ನಿಕೋಟಿನ್ ಅನ್ನುವುದು ಗಂಟಲು ಕೆರೆಯುವ ಕಹಿ. ಹಾಗೇ ಕೊಟ್ಟರೆ ಯಾವ ಮಗುವೂ ಎರಡನೇ ಸಲ ಮುಟ್ಟುವುದಿಲ್ಲ. ಅದಕ್ಕೇ ವೇಪ್ ಪೆನ್ ಎಂಬ ಎಲೆಕ್ಟ್ರಾನಿಕ್ ಸಿಗರೇಟಿನ ದ್ರವಕ್ಕೆ ಮಾವು, ಪುದೀನ, ಬಬಲ್‌ಗಮ್ ಎಂದು ಪರಿಮಳ ಬೆರೆಸುತ್ತಾರೆ. ಎಳೆದ ಹತ್ತು ಹದಿನೈದು ಸೆಕೆಂಡಿಗೆಲ್ಲ ನಿಕೋಟಿನ್ ಮಿದುಳು ಮುಟ್ಟುತ್ತದೆ, ಮಿದುಳು ಆ ಸುಖವನ್ನೂ ಪರಿಮಳವನ್ನೂ ಸೇರಿಸಿ ಗಂಟು ಹಾಕುತ್ತದೆ. ಹದಿಹರೆಯದ ಮಿದುಳೆಂದರೆ ಇನ್ನೂ ಹಸಿ ಸಿಮೆಂಟು. ಇಟ್ಟ ಹೆಜ್ಜೆ ಹಾಗೇ ಅಚ್ಚಾಗುತ್ತದೆ. ಚಟ ಬಿಟ್ಟರೆ ನಿಕೋಟಿನ್ ಕೆಲವೇ ದಿನಗಳಲ್ಲಿ ಮೈಬಿಟ್ಟು ಹೋಗುತ್ತದೆ. ಗಂಟು ಹೋಗುವುದಿಲ್ಲ. ಆರು ತಿಂಗಳ ಮೇಲೆ ಬಸ್ಸಿನಲ್ಲಿ ಯಾರೋ ಅದೇ ಪರಿಮಳದ ಹೊಗೆ ಬಿಟ್ಟರೆ ಸಾಕು, ಕೈ ಜೇಬಿಗೆ ಹೋಗುತ್ತದೆ.

ಮಿದುಳಿನಲ್ಲಿರುವ ನೆನಪು, ಮತ್ತೆ ನೆನೆದಾಗಲೆಲ್ಲ ಕೆಲವು ನಿಮಿಷ ಸಡಿಲವಾಗುತ್ತದಂತೆ. ಆ ಹೊತ್ತಿನಲ್ಲಿ ಮೂಗಿಗೆ ಎರಡು ಹನಿ ಬಿಟ್ಟರೆ ಗಂಟು ಮತ್ತೆ ಬಿಗಿಯುವುದಿಲ್ಲ. ಒಂದೇ ತೊಂದರೆ: ಗಂಟಿನ ಜೊತೆಗೆ ದಾರವೂ ಹೋಗುತ್ತದೆ. ಆ ವಾಸನೆಯನ್ನು ಆ ಮನುಷ್ಯ ಇನ್ನು ಜನ್ಮದಲ್ಲಿ ಅರಿಯಲಾರ. ಬಬಲ್‌ಗಮ್ ವಾಸನೆ ಹೋದರೆ ಯಾರಪ್ಪನ ಗಂಟೂ ಹೋಗುವುದಿಲ್ಲ ಎಂದು ನಾವು ನಗುತ್ತಿದ್ದೆವು.

ರೋಗಿಗಳು ತಂದ ಪೆನ್ನಿನ ಪರಿಮಳವನ್ನು ಮೂಸಿ, ಅದರಲ್ಲಿ ಯಾವ ಯಾವ ಎಳೆ ಸೇರಿದೆ ಎಂದು ಬಿಡಿಸಿ, ಒಂದೊಂದು ಎಳೆಯನ್ನೂ ಬೇರೆ ಬೇರೆ ಕಾಗದದ ಪಟ್ಟಿಗೆ ಹಾಕಿ ಕೊಡುವುದು ನನ್ನ ಕೆಲಸ. ವಾರಕ್ಕೆ ಒಂದು ಎಳೆಯಂತೆ ಅಳಿಸುತ್ತಿದ್ದರು. ಊರವರ ಮಕ್ಕಳ ಚಟವನ್ನೆಲ್ಲ ಹೀಗೆ ಬಿಡಿಸುತ್ತಿದ್ದೆ.

ಒಂದು ಬುಧವಾರ ಮಧ್ಯಾಹ್ನ ಮಗಳ ಕಾಲೇಜಿನಿಂದ ಫೋನ್ ಬಂತು. ಧೃತಿ ಆಗ ಮೊದಲ ಪಿಯುಸಿ, ಖೋ-ಖೋ ತಂಡದ ಒಳ್ಳೆಯ ಓಟಗಾತಿ. ಕರೆದವರು ಅವಳ ತರಬೇತುದಾರರಾದ ರೋಹಿಣಿ ಮೇಡಂ. ಹೋದೆ. ಮೈದಾನದ ಪಕ್ಕದ ಕೊಠಡಿಯಲ್ಲಿ ಅವರು ಮೇಜಿನ ಮೇಲೆ ಒಂದು ಹಳದಿ ಹೈಲೈಟರ್ ಪೆನ್ ಇಟ್ಟುಕೊಂಡು ಕೂತಿದ್ದರು.

"ಮೂರು ನಿಮಿಷ ಯಾರ ಕೈಗೂ ಸಿಗದೆ ಓಡ್ತಿದ್ದ ಹುಡುಗಿ ಸಾರ್ ಇವಳು. ಈಗ ಒಂದೂವರೆ ನಿಮಿಷಕ್ಕೆ ಎದೆ ಹಿಡ್ಕೊಂಡು ಕೂತ್ಕೋತಾಳೆ. ರಕ್ತ ಕಮ್ಮಿ ಏನೋ ಅನ್ಕೊಂಡೆ. ಇವತ್ತು ನೋಡಿದ್ರೆ ಬ್ಯಾಗಲ್ಲಿ ಇದು."

ಪೆನ್ನಿನ ಮುಚ್ಚಳ ತೆಗೆದರು. ಒಳಗೆ ಗೆರೆ ಎಳೆಯುವ ತುದಿ ಇರಲಿಲ್ಲ, ಹೊಗೆ ಎಳೆಯುವ ಕೊಳವೆ ಇತ್ತು.

"ನೀವು ವಾಸನೆ ಕೆಲಸದವರೇ ಅಲ್ವಾ? ನಿಮ್ಮ ಮೂಗಿಗೂ ಗೊತ್ತಾಗ್ಲಿಲ್ವಾ?" ಎಂದರು. ಚುಚ್ಚಿ ಕೇಳಿದ್ದಲ್ಲ. ಪಾಪ, ನಿಜವಾಗಿ ಆಶ್ಚರ್ಯಪಟ್ಟೇ ಕೇಳಿದ್ದರು.

ನಾನು ಮೂಸಿದೆ. ಕಾದ ಲೋಹ, ಒಂದಿಷ್ಟು ಪ್ಲಾಸ್ಟಿಕ್ಕು. ಅದರಾಚೆ ಏನೂ ಇಲ್ಲ. ಪರಿಮಳವಿಲ್ಲದ ಅಗ್ಗದ ಮಾಲು ಎಂದುಕೊಂಡೆ.

ಧೃತಿಯನ್ನು ಸ್ಕೂಟರಿನಲ್ಲಿ ಮನೆಗೆ ಕರೆತಂದೆ. ನಾನು ಕಾಫಿ ಮಾಡಿ ಎದುರಿಗೆ ಕೂತೆ.

"ಎಷ್ಟು ದಿನದಿಂದ ಪುಟ್ಟಾ?"

"ಎಂಟು ತಿಂಗಳು." ಲೋಟವನ್ನು ಸುಮ್ಮನೆ ತಿರುಗಿಸುತ್ತಿದ್ದಳು. "ಬಿಡಕ್ಕೆ ನೋಡ್ದೆ ಅಪ್ಪ. ಎರಡು ದಿನ ಬಿಟ್ರೆ ತಲೆ ಸಿಡಿಯತ್ತೆ, ಎಲ್ಲರ ಮೇಲೂ ರೇಗ್ತೀನಿ, ನಿದ್ದೆ ಬರಲ್ಲ. ಆದ್ರೆ ಅದಕ್ಕಲ್ಲ ನಾನು..."

"ಮತ್ತೆ?"

"ಕ್ಲಾಸಲ್ಲಿ ಎಲ್ಲರೂ ಮಾವಿನ ಹಣ್ಣಿಂದು, ಐಸಿಂದು ಸೇದ್ತಾರೆ. ನಂಗೆ ಅದೆಲ್ಲ ವಾಕರಿಕೆ. ಒಂದಿನ ಚೈತ್ರಾ ಇದನ್ನ ಕೊಟ್ಳು. 'ಸಂಡೇ' ಅಂತ ಇದರ ಹೆಸರು." ಲೋಟ ಕೆಳಗಿಟ್ಟಳು. "ಅಪ್ಪ, ಇದು ಅಮ್ಮನ ಗಸಗಸೆ ಪಾಯಸದ ವಾಸನೆ. ಥೇಟ್ ಅದೇ. ಕಣ್ ಮುಚ್ಕೊಂಡ್ರೆ ಅಮ್ಮ ಒಲೆ ಮುಂದೆ ನಿಂತಿರೋ ಹಾಗೇ ಆಗತ್ತೆ."

ಆ ಪೆನ್ನಿನಲ್ಲಿ ಪರಿಮಳವಿತ್ತು. ನನ್ನ ಮೂಗಿಗೆ ಮಾತ್ರ ಅದು ಇರಲಿಲ್ಲ.

ಐದು ವರ್ಷದ ಹಿಂದೆ ಕಂಪನಿಯವರು ಒಂದು ಚೀಟಿ ಬರೆದು ನನಗೊಂದು ಕೆಲಸ ಒಪ್ಪಿಸಿದ್ದರು. ಹಾಸ್ಟೆಲಿನಲ್ಲಿರುವ ಹುಡುಗರಿಗೆ ಮನೆ ನೆನಪಾಗುವಂಥ ಒಂದು ಪರಿಮಳ ಬೇಕು, ಬಿಸ್ಕತ್ತಿಗೆ. ಅದು ಪ್ರೊಪಿಲೀನ್ ಗ್ಲೈಕಾಲ್ ಎಂಬ ದ್ರವದಲ್ಲಿ ಕರಗಬೇಕು. ಕಾದ ತಂತಿಗೆ ತಾಗಿದರೂ ಸೀದ ವಾಸನೆ ಬರಬಾರದು. ನೀವೇ ಹೇಳಿ, ಬಿಸ್ಕತ್ತಿನೊಳಗೆ ಕಾದ ತಂತಿ ಎಲ್ಲಿರುತ್ತದೆ? ಚೀಟಿ ಓದಿದ ಕ್ಷಣವೇ ಅದು ವೇಪ್ ಪೆನ್ನಿಗೆಂದು ನನಗೆ ಗೊತ್ತಾಗಿತ್ತು. ಹೊರದೇಶಕ್ಕೆ ಹೋಗುವ ಮಾಲು, ನಮ್ಮಲ್ಲಿ ಹೇಗೂ ವೇಪ್ ಮಾರುವುದಕ್ಕೆ ಕಾನೂನಿನ ಅಡ್ಡಿಯಿದೆ, ನಮ್ಮ ಮಕ್ಕಳಿಗೇನು ಎಂದು ಸಮಾಧಾನ ಮಾಡಿಕೊಂಡೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಎನ್ನುತ್ತಾರಲ್ಲ, ನಾನು ಮೂಗು ಮುಚ್ಚಿಕೊಂಡೆ, ಅಷ್ಟೇ.

ಆಗ ನಮ್ಮ ಮನೆಯಲ್ಲಿ ಭಾನುವಾರಕ್ಕೊಮ್ಮೆ ಗಸಗಸೆ ಪಾಯಸ. ಶಶಿ ಗಸಗಸೆಯನ್ನು ಎಷ್ಟು ಹದವಾಗಿ ಹುರಿಯುತ್ತಿದ್ದಳೆಂದರೆ ಬೀದಿಯ ಕೊನೆಯವರೆಗೆ ಬಾಯಲ್ಲಿ ನೀರೂರುತ್ತಿತ್ತು. ನಾನು ಎಂಟು ತಿಂಗಳು ಆ ವಾಸನೆಯ ಬೆನ್ನು ಹತ್ತಿದೆ. ಹುರಿದ ಗಸಗಸೆ, ಕರಗಿದ ಬೆಲ್ಲ, ಕುಟ್ಟಿದ ಏಲಕ್ಕಿ, ಈ ಮೂರು ಎಳೆ. ಪ್ರತಿ ಭಾನುವಾರ ಶಶಿ ಸೌಟನ್ನು ನನ್ನ ಮೂಗಿಗೆ ಹಿಡಿದು, ಇನ್ನೊಂದು ಕೈಯಲ್ಲಿ ನನ್ನ ಪಟ್ಟಿ ಹಿಡಿದು, "ಇನ್ನೂ ಬಂದಿಲ್ಲ ಕಣ್ರೀ, ನಿಮ್ಮದು ಸ್ವಲ್ಪ ಹಸಿ ಹಸಿ" ಎನ್ನುತ್ತಿದ್ದಳು. ನೂರಾ ಹದಿನಾರು ಸಲ ಸೋತು ನೂರಾ ಹದಿನೇಳನೆಯದಕ್ಕೆ ಗೆದ್ದೆ. ಬಿಸ್ಕತ್ತಿನಲ್ಲಿ ತನ್ನ ಪಾಯಸ ಬರುತ್ತದೆಂದು ಅವಳು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಳು. ಆ ಬಿಸ್ಕತ್ತು ಅಂಗಡಿಗೆ ಬರಲೇ ಇಲ್ಲ, ಬೀದಿಯವರೂ ಆಗ ಚಿಕ್ಕವಳಾಗಿದ್ದ ಧೃತಿಯೂ ಅದನ್ನು ಮರೆತರು.

ನಮ್ಮ ಕಸುಬಿನಲ್ಲಿ ಒಂದು ಕಟ್ಟುನಿಟ್ಟಿದೆ. ಒಂದೇ ವಾಸನೆಯನ್ನು ಹೆಚ್ಚು ದಿನ ಮೂಸಬಾರದು, ನಡುವೆ ಮೂಗಿಗೆ ವಿಶ್ರಾಂತಿ ಕೊಡಬೇಕು. ಗೆಲ್ಲುವ ಹಟದಲ್ಲಿ ನಾನು ಕೊಡಲಿಲ್ಲ. ನೂರಾ ಹದಿನೇಳು ಮುಗಿಯುವಷ್ಟರಲ್ಲಿ ನನ್ನ ಮೂಗು ಆ ವಾಸನೆಗೆ ಬಾಗಿಲು ಹಾಕಿಕೊಂಡಿತ್ತು, ಮತ್ತೆ ತೆರೆಯಲೇ ಇಲ್ಲ. ಆಮೇಲೆ ಶಶಿ ಬದುಕಿದ್ದಷ್ಟು ದಿನ ಪಾಯಸ ಮಾಡಿ "ಹೇಗಿದೆ ವಾಸನೆ?" ಎಂದಾಗಲೆಲ್ಲ "ಅದ್ಭುತ" ಎಂದು ಸುಳ್ಳು ಹೇಳಿದ್ದೇನೆ.

ಇನ್ನೊಂದು ನೆನಪಾಗಿ ತಲೆ ಚಚ್ಚಿಕೊಳ್ಳುವಂತಾಯಿತು. ಆರು ತಿಂಗಳ ಹಿಂದೆ ಪಕ್ಕದ ಮನೆಯ ಪುಟ್ಟತಾಯಮ್ಮನವರು ಕಾಂಪೌಂಡಿನ ಮೇಲಿಂದ ಹೇಳಿದ್ದರು: "ಸ್ವಾಮಿ, ನಿಮ್ಮನೇಲಿ ಶಶಿ ಓಡಾಡ್ತಾ ಅವ್ಳೆ ಕಣಪ್ಪ. ಸಾಯಂಕಾಲ ಆಯ್ತೂ ಅಂದ್ರೆ ಮಗಿನ ರೂಮಿನ್ ಕಡೆಯಿಂದ ಪಾಯಸದ ವಾಸ್ನೆ ಬತ್ತದೆ." ಮುದುಕಿಗೆ ಅರಳುಮರಳು ಎಂದು ನಾನು ನಕ್ಕು ಒಳಗೆ ಬಂದಿದ್ದೆ. ಮೈಸೂರಿನ ಹೆಸರಾಂತ ಮೂಗಿನವನಿಗೆ ಗೊತ್ತಾಗದ್ದು ಇವರಿಗೆ ಗೊತ್ತಾಗುತ್ತದೆಯೇ!

ಆ ದಿನವೇ ಧೃತಿಗೆ ಎಲ್ಲ ಹೇಳಬೇಕಿತ್ತು. ಅವಳು ಅಮ್ಮನ ವಾಸನೆ ಎಂದು ಎದೆಗೆ ಎಳೆದುಕೊಂಡದ್ದನ್ನು ಅಪ್ಪನೇ ಬಾಟಲಿಗೆ ತುಂಬಿಸಿ ಮಾರಿದ್ದು ಎಂದು ಹೇಗೆ ಹೇಳಲಿ? "ನಮ್ಮ ಲ್ಯಾಬಿಗೆ ಬಾ ಪುಟ್ಟಾ, ಬಿಡಿಸೋಣ" ಎಂದೆ. ಅವಳು ಒಪ್ಪಿದಳು. ವಾಸನೆ ಪೂರ್ತಿ ಹೋಗುತ್ತದೆ ಎಂಬುದನ್ನು ನಾನು ಅವಳಿಗೆ ಬಿಡಿಸಿ ಹೇಳಲಿಲ್ಲ. "ಪೆನ್ನಿನ ವಾಸನೆ ಮರೆತುಹೋಗತ್ತೆ" ಎಂದಷ್ಟೇ ಹೇಳಿದೆ.

ಡಾಕ್ಟರ್ ಫರ್ಹಾನಾ ನನ್ನ ಮುಂದೆ ಫಾರಂ ಇಟ್ಟರು. ಹನ್ನೊಂದನೇ ಪ್ರಶ್ನೆ: ಈ ಪರಿಮಳಕ್ಕೆ ಮಗುವಿನ ಬಾಳಿನಲ್ಲಿ ಬೇರೆ ನಂಟು ಇದೆಯೇ?

"ಇದನ್ನ ಸರಿಯಾಗಿ ಯೋಚನೆ ಮಾಡಿ ಬರೀರಿ ಸ್ವಾಮಿಯವರೇ," ಎಂದರು. "ನಂಟಿದ್ರೆ ನಾನು ಹನಿ ಹಾಕಲ್ಲ. ಬೇರೆ ದಾರಿ ಇದೆ. ಸ್ವಲ್ಪ ಕಷ್ಟದ ದಾರಿ, ಅಷ್ಟೇ."

ಪೆನ್ನು ಹಿಡಿದು ಕೂತೆ. ಆಗ ನನ್ನೊಳಗೆ ಬಂದ ಯೋಚನೆ ಎಷ್ಟು ಹೇಸಿಗೆಯದೆಂದು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಮೂರು ವಾರದಲ್ಲಿ ಮೂರು ಎಳೆ ಹೋದರೆ ಮಗಳ ಚಟ ಹೋಗುತ್ತದೆ, ಜೊತೆಗೆ ನನ್ನ ತಪ್ಪಿಗೆ ಇದ್ದ ಒಬ್ಬಳೇ ಸಾಕ್ಷಿಯೂ ಹೋಗುತ್ತಾಳೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬ ಗಾದೆಯಂತೆ, ಎರಡೂ ಕೆಲಸ ಒಟ್ಟಿಗೇ ಮುಗಿಯುತ್ತಿತ್ತು. 'ಇಲ್ಲ' ಎಂದು ಬರೆದು ಸಹಿ ಹಾಕಿದೆ.

ಮೊದಲ ವಾರ ಗಸಗಸೆಯ ಎಳೆ. ಪಟ್ಟಿ ತಯಾರಿಸಿದ್ದು ನಾನೇ, ಮೂಸಿ ನೋಡಲಾಗದೆ, ಸೂತ್ರದ ಅಳತೆ ನೆನಪಿನಿಂದ ಹಾಕಿ. ಗಾಜಿನ ಈಚೆಗಿನ ಕಂಟ್ರೋಲ್ ರೂಮಿನಿಂದ ನೋಡುತ್ತಿದ್ದೆ. ಧೃತಿ ಪಟ್ಟಿ ಮೂಸಿದಳು, ಪರದೆಯ ಮೇಲೆ ಮಿದುಳಿನ ಒಂದು ಮೂಲೆ ಕೆಂಪಾಯಿತು, ನರ್ಸ್ ಎರಡು ಹನಿ ಬಿಟ್ಟರು. ಹತ್ತು ನಿಮಿಷದಲ್ಲಿ ಕೆಂಪು ಬೂದಿಯ ಬಣ್ಣಕ್ಕೆ ತಿರುಗಿತು. ಎಲ್ಲರೂ ನನ್ನ ಬೆನ್ನು ತಟ್ಟಿದರು.

ನಾಲ್ಕು ದಿನ ಬಿಟ್ಟು, ಭಾನುವಾರ, ಅಡುಗೆಮನೆಯಿಂದ ಅವಳು ಕರೆದಳು. ಒಲೆಯ ಮೇಲೆ ಶಶಿಯ ಪುಟ್ಟ ಕಬ್ಬಿಣದ ಬಾಣಲೆ, ಪಕ್ಕದಲ್ಲಿ ಶಶಿಯ ಗಸಗಸೆ ಡಬ್ಬಿ. ಅಮ್ಮ ತುಂಬಿಸಿಟ್ಟಿದ್ದ ಆ ಡಬ್ಬಿಯನ್ನು ಅವಳು ಖಾಲಿ ಮಾಡಲು ಬಿಟ್ಟೇ ಇರಲಿಲ್ಲ. ಆಗಾಗ ಒಂದು ಚಮಚ ಮಾತ್ರ ಹುರಿಯುತ್ತಿದ್ದಳೆಂದು ನನಗೆ ಆ ದಿನ ತಿಳಿಯಿತು.

"ಗಸಗಸೆ ಹಳೇದಾಗ್ಬಿಡ್ತು ಅನ್ಸತ್ತೆ ಅಪ್ಪ. ಹುರಿದ್ರೂ ವಾಸನೇನೇ ಬರ್ತಿಲ್ಲ."

"ಎರಡು ವರ್ಷ ಆಯ್ತಲ್ಲ ಪುಟ್ಟಾ. ಹೊಸದು ತರ್ತೀನಿ," ಎಂದೆ.

ಹೇಳಿದ್ದಷ್ಟೇ ಅಲ್ಲ, ಮಾರುಕಟ್ಟೆಗೆ ಹೋಗಿ ಕಾಲು ಕಿಲೋ ತಂದೆ. ಅವಳು ಮತ್ತೆ ಹುರಿದಳು. ಬಾಣಲೆಯ ಮೇಲೆ ಬಗ್ಗಿ ಬಗ್ಗಿ ಮೂಸಿದಳು. "ಇದಕ್ಕೂ ಇಲ್ಲ" ಎಂದು, ಹೊಸ ಗಸಗಸೆಯನ್ನು ಅಮ್ಮನ ಡಬ್ಬಿಗೆ ಬೆರೆಸದೆ ಬೇರೆ ಕಡೆ ಇಟ್ಟು, ಅಮ್ಮನ ಡಬ್ಬಿಯ ಮುಚ್ಚಳ ಗಟ್ಟಿಯಾಗಿ ಹಾಕಿದಳು. ನಾನು ಹಾಲಿನಲ್ಲಿ ಕೂತು ಪೇಪರ್ ಓದುತ್ತಿರುವವನಂತೆ ನಟಿಸಿದೆ.

ಬುಧವಾರ ಎರಡನೇ ಸರದಿ, ಬೆಲ್ಲದ ಎಳೆ. ಧೃತಿ ಗಾಜಿನಾಚೆ ಕುರ್ಚಿಯಲ್ಲಿ ಕೂತು ಪಟ್ಟಿಯನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದಳು. ಮುಖದಲ್ಲಿ ಸಣ್ಣ ನಗು ಬಂತು. ಚಿಕ್ಕವಳಿದ್ದಾಗ ಬೆಲ್ಲದ ಚೂರು ಬೇಕೆಂದು ಅಮ್ಮನ ಸೆರಗು ಹಿಡಿದು ನಿಲ್ಲುತ್ತಿದ್ದಳಲ್ಲ, ಅದೇ ನಗು. ಪರದೆ ಕೆಂಪಾಯಿತು. ನರ್ಸ್ ಹನಿಯ ಬಾಟಲಿ ಎತ್ತಿಕೊಂಡರು.

ನಾನು ನಿಲ್ಲಿಸುವ ಗುಂಡಿ ಒತ್ತಿದೆ. ಗಂಟೆ ಹೊಡೆದುಕೊಂಡಿತು, ಎಲ್ಲರೂ ಬೆಚ್ಚಿ ನನ್ನ ಕಡೆ ನೋಡಿದರು. ಒಳಗೆ ಹೋಗಿ, ಡಾಕ್ಟರ ಮುಂದೆ, ನರ್ಸ್ ಮುಂದೆ, ಎಲ್ಲವನ್ನೂ ಹೇಳಿದೆ. ಕಾದ ತಂತಿಯಿಂದ ಹಿಡಿದು ಹನ್ನೊಂದನೇ ಪ್ರಶ್ನೆಯವರೆಗೆ.

ಧೃತಿ ಪಟ್ಟಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಇದ್ದಳು.

"ನೀನಾ ಮಾಡಿದ್ದು?"

"ಹೂಂ."

"ಅಮ್ಮಂಗೆ ಗೊತ್ತಿತ್ತಾ?"

"ಇಲ್ಲ. ಬಿಸ್ಕತ್ತಿಗೆ ಅಂದಿದ್ದೆ."

"ಗಸಗಸೆ ಹಳೇದಾಗಿರ್ಲಿಲ್ಲ, ಅಲ್ವಾ?"

ಅವಳು ಡಾಕ್ಟರ ಕಡೆ ತಿರುಗಿದಳು.

"ಹೋಗಿದ್ದು ವಾಪಸ್ ಬರತ್ತಾ ಮೇಡಂ?"

"ಇಲ್ಲಮ್ಮಾ," ಎಂದರು ಫರ್ಹಾನಾ. ನನ್ನ ಕಡೆ ಒಮ್ಮೆ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು.

"ಹಾಗಾದ್ರೆ ಉಳಿದಿದ್ದನ್ನ ಮುಟ್ಬೇಡಿ. ಕಷ್ಟದ ದಾರಿ ಒಂದಿದೆ ಅಂದ್ರಂತಲ್ಲ, ಅದು ಹೇಳಿ."

ಆ ದಾರಿಯಲ್ಲಿ ಪವಾಡವೇನೂ ಇರಲಿಲ್ಲ. ಬಿಡುವ ದಿನ ಗೊತ್ತು ಮಾಡುವುದು. ಪೆನ್ನು, ಚಾರ್ಜರು ಎಲ್ಲವನ್ನೂ ಕೈಯಾರೆ ಕೊಟ್ಟುಬಿಡುವುದು. ಡಾಕ್ಟರು ಅಳೆದು ಕೊಟ್ಟ ನಿಕೋಟಿನ್ ಗಮ್ಮನ್ನು ವಾರ ವಾರ ಕಡಿಮೆ ಮಾಡುತ್ತ ಬರುವುದು. ಗುರುವಾರಕ್ಕೊಮ್ಮೆ ಆಪ್ತ ಸಮಾಲೋಚಕಿಯ ಜೊತೆ ಮಾತು. "ಸೇದ್ಲೇಬೇಕು ಅನ್ನೋ ತುಡಿತ ಅಲೆ ಇದ್ದ ಹಾಗಮ್ಮ," ಎಂದಿದ್ದರು ಫರ್ಹಾನಾ, "ಐದು ನಿಮಿಷ ತಡ್ಕೊಂಡ್ರೆ ಇಳಿಯತ್ತೆ. ಆ ಐದು ನಿಮಿಷ ಸುಮ್ನೆ ಕೂರ್ಬೇಡ. ನೀರು ಕುಡಿ, ನಡಿ, ಓಡು, ಯಾರಿಗಾದ್ರೂ ಫೋನ್ ಮಾಡು." ಅವಳು ಫೋನ್ ಮಾಡುತ್ತಿದ್ದದ್ದು ರೋಹಿಣಿ ಮೇಡಂಗೆ. ನನ್ನ ಜೊತೆ ಹನ್ನೊಂದು ದಿನ ಒಂದು ಮಾತೂ ಆಡಲಿಲ್ಲ.

ಮೊದಲ ಮೂರು ದಿನ ಘೋರ. ತಟ್ಟೆ ನೂಕಿದಳು, ಬಾಗಿಲು ಬಡಿದಳು, ಕೆಮ್ಮಿ ಕೆಮ್ಮಿ ಸುಸ್ತಾದಳು. ತುಡಿತ ಬಂದಾಗಲೆಲ್ಲ ಹಿತ್ತಲಿಗೆ ಹೋಗಿ ಬಟ್ಟೆ ಒಣಹಾಕುವ ಎರಡು ಕಂಬಗಳ ನಡುವೆ ಖೋ-ಖೋ ಆಡುವವಳಂತೆ ಸುತ್ತುತ್ತಿದ್ದಳು. ನಾನು ಕಿಟಕಿಯಲ್ಲಿ ನಿಂತು ಗಡಿಯಾರ ನೋಡುತ್ತಿದ್ದೆ. ಒಂಬತ್ತನೇ ದಿನ ಗೆಳತಿಯ ಪೆನ್ನಿನಿಂದ ಒಂದು ಸಲ ಎಳೆದುಬಿಟ್ಟಳಂತೆ. ತಾನೇ ಹೋಗಿ ಡಾಕ್ಟರಿಗೆ ಹೇಳಿ ಅತ್ತಳಂತೆ. "ಜಾರಿದ್ದು ಸೋತಿದ್ದಲ್ಲ, ಎದ್ದು ಮತ್ತೆ ನಡಿ" ಎಂದು ಅವರು ಸಮಾಧಾನ ಮಾಡಿದರು. ಒಳ್ಳೆಯ ಮಗು. ತಾನು ತಪ್ಪು ಮಾಡಿದ ದಿನವೇ ಒಪ್ಪಿಕೊಂಡಳು. ಅಪ್ಪನಿಗೆ ಐದು ವರ್ಷ ಬೇಕಾಯಿತು.

ನಾನು ನೂರಾ ಹದಿನೇಳರ ಪೂರ್ತಿ ಸೂತ್ರವನ್ನು, ಕಂಪನಿಯವರ ಆ ಚೀಟಿಯ ಜೊತೆ, ಆರೋಗ್ಯ ಇಲಾಖೆಗೆ ಬರೆದುಕೊಟ್ಟೆ. ವಿಚಾರಣೆ ನಡೆಯುತ್ತಿದೆ. ಲ್ಯಾಬಿನ ಕೆಲಸ ಹೋಯಿತು. ಫಾರಂನಲ್ಲಿ ಸುಳ್ಳು ಬರೆದವನನ್ನು ಇಟ್ಟುಕೊಳ್ಳುವುದು ಹೇಗೆ? ಹನ್ನೆರಡನೇ ದಿನ ಧೃತಿ ಮಾತಾಡಿದಳು. "ನಾನು ಬಿಡ್ತಿರೋದು ನಿಂಗೋಸ್ಕರ ಅಲ್ಲ" ಎಂದಳು. ಸರಿ ಎಂದೆ. ಅಷ್ಟೇ ಸಾಕಾಗಿತ್ತು ನನಗೆ.

ಐದು ತಿಂಗಳಾದವು. ಕಳೆದ ಶನಿವಾರ ಜಿಲ್ಲಾ ಮಟ್ಟದ ಪಂದ್ಯದಲ್ಲಿ ಎರಡು ನಿಮಿಷ ನಲವತ್ತು ಸೆಕೆಂಡು ಯಾರ ಕೈಗೂ ಸಿಗದೆ ಓಡಿದಳು. ಮಾರನೇ ದಿನ ಬೆಳಿಗ್ಗೆ ಅಮ್ಮನ ಡಬ್ಬಿ ಹಿಡಿದು ಹಾಲಿಗೆ ಬಂದಳು. ತಳದಲ್ಲಿ ಎರಡು ಹಿಡಿಯಷ್ಟು ಉಳಿದಿತ್ತು.

"ಬಾ ಅಪ್ಪ. ಪಾಯಸ ಮಾಡೋಣ. ಬೆಲ್ಲ, ಏಲಕ್ಕಿ ನಂಗೆ ಗೊತ್ತಾಗತ್ತೆ. ಗಸಗಸೆ ಹದಕ್ಕೆ ಬಂದಾಗ ನೀನು ಹೇಳು."

ನಾನು ಹಿಂದೆಯೇ ಅಡುಗೆಮನೆಗೆ ಹೋದೆ, ಅವಳು ಒಲೆ ಹಚ್ಚಿ ಬಾಣಲೆಗೆ ಒಂದು ಹಿಡಿ ಗಸಗಸೆ ಹಾಕಿದಳು. ಲ್ಯಾಬಿನಲ್ಲಿ ಉಳಿದದ್ದನ್ನೆಲ್ಲ ಹೇಳಿದ್ದರೂ ನನ್ನ ಮೂಗಿನ ಕಥೆಯನ್ನು ಮಾತ್ರ ಅವಳಿಗೆ ಹೇಳಿರಲಿಲ್ಲ. ಇನ್ನೊಂದು ಸುಳ್ಳಿಗೆ ನಾಲಗೆ ಸಿದ್ಧವಾಗಿಯೇ ಇತ್ತು, ಬಣ್ಣ ನೋಡಿ ಹೇಗೋ ನಿಭಾಯಿಸಬಹುದಿತ್ತು.

"ನಂಗೂ ಗೊತ್ತಾಗಲ್ಲ ಪುಟ್ಟಾ," ಎಂದೆ. "ಅದನ್ನ ಮಾಡೋವಾಗ್ಲೇ ನನ್ನ ಮೂಗಿಂದ ಹೋಯ್ತು. ಕೊನೇ ಎರಡು ವರ್ಷ ನಿಮ್ಮಮ್ಮನ ಪಾಯಸದ ವಾಸನೆ ನಂಗೆ ಬರ್ತಾನೇ ಇರ್ಲಿಲ್ಲ. ಅವಳಿಗೂ ಹೇಳ್ಲಿಲ್ಲ."

ಅವಳು ಸೌಟು ಹಿಡಿದು ನನ್ನನ್ನೇ ನೋಡುತ್ತ ನಿಂತಳು. ಎಷ್ಟು ಹೊತ್ತೋ. ಬಾಣಲೆ ಉರಿಯ ಮೇಲೆಯೇ ಇತ್ತು. ನಾವಿಬ್ಬರೂ ಅದರ ಮುಂದೆಯೇ ಇದ್ದೆವು.

ಕಾಂಪೌಂಡಿನ ಆಚೆಯಿಂದ ಪುಟ್ಟತಾಯಮ್ಮನವರು ಕೂಗಿಕೊಂಡರು: "ಯಾರ್ರವ್ವಾ ಅಡಿಗೆ ಮನೇಲಿ? ಗಸಗಸೆ ಸೀದೋಯ್ತದೆ! ಮೂಗಿಲ್ವಾ ನಿಮ್ಗೆ?"

ಧೃತಿ ಒಲೆ ಆರಿಸಿದಳು. ಬಾಣಲೆಯಲ್ಲಿದ್ದದ್ದು ಅರ್ಧ ಕಪ್ಪಾಗಿತ್ತು. ಡಬ್ಬಿಯನ್ನು ಬೋರಲು ಹಾಕಿ ತಟ್ಟಿ, ಉಳಿದಿದ್ದ ಕೊನೆಯ ಹಿಡಿಯನ್ನು ತಟ್ಟೆಗೆ ಸುರಿದಳು. ಆಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ, ಅಳುವ ದನಿಯಲ್ಲೇ ಕರೆದಳು.

"ಅಜ್ಜೀ, ಒಂಚೂರು ಒಳಗೆ ಬನ್ನಿ. ನಮ್ಮಿಬ್ಬರಿಗೂ ಗೊತ್ತಾಗಲ್ಲ. ಅಮ್ಮನ ಹದಕ್ಕೆ ಬಂದಾಗ ಹೇಳಿ."